ಕರೆಯೋದಲ್ಲ, ಹೇಳೋದು

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯನಿಗೆ ಗಂಡು ಮಗು ಆಯ್ತು. ಸೋಮವಾರ ರಾತ್ರಿ ಏಳೂ ಮುಕ್ಕಾಲಿಗೆ. ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದಲೇ ಫೋನ್ ಮಾಡಿ, "ಕನ್ನಡದಲ್ಲಿ ಒಂದು ಪತ್ರಿಕೆ ಬರೆದುಕೊಡ್ತೀಯಾ? ಕೆಳಗಿನ ಮನೆ ಅಜ್ಜಿಗೆ, ಎದುರು ಮನೆಯವರಿಗೆ ಕೊಡಬೇಕು" ಅಂದ. ಅವನಿಗೆ ಕನ್ನಡ ಮಾತಾಡೋಕೆ ಬರುತ್ತೆ, ಬರೆಯೋಕೆ ಬರಲ್ಲ. ನಾನು ತಕ್ಷಣ ಒಪ್ಪಿಕೊಂಡೆ. ಪಿಯುಸಿ ಓದುವಾಗಿನಿಂದ ಸಂತೆಮರಹಳ್ಳಿಯಲ್ಲಿ ನಮ್ಮ ನೆಂಟರ ಮದುವೆ, ಗೃಹಪ್ರವೇಶ, ತಿಥಿ ಎಲ್ಲದರ ಪತ್ರಿಕೆ ಬರೆಯೋದು ನಾನೇ. ಇಂಜಿನಿಯರಿಂಗ್ ಓದಿದ್ದಕ್ಕೆ ಊರಲ್ಲಿ ಸಿಕ್ಕ ದೊಡ್ಡ ಗೌರವ ಅಂದ್ರೆ ಅದೇ. ಇದೇನು ಮಹಾ, ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಮೂರು ದಿನ ಹಿಡಿಯಿತು.

ಗೆಳೆಯ ಯಹೂದಿ. "ಬೆಂಗಳೂರಲ್ಲಿ ಯಹೂದಿಗಳಾ?" ಅಂತ ನೀವು ಕೇಳ್ತೀರಿ, ನಾನೂ ಕೇಳಿದ್ದೆ. ಬಹಳ ಕಡಿಮೆ ಜನ, ಆದರೆ ಹೊಸಬರಲ್ಲ. ಮೈಸೂರು ರಸ್ತೆಯಲ್ಲಿ ಅವರದೊಂದು ಸ್ಮಶಾನ ಇದೆ, 1904ರದ್ದು. ಗೆಳೆಯನ ಮನೆತನ ಬೆನೆ ಇಸ್ರೇಲ್ ಎಂಬ ಪಂಗಡದ್ದು. ಕೊಂಕಣ ಕರಾವಳಿಯಲ್ಲಿ ಹಡಗು ಒಡೆದು ದಡ ಸೇರಿದ ಕೆಲವೇ ಕುಟುಂಬಗಳಿಂದ ಬೆಳೆದವರು ಅನ್ನೋದು ಅವರ ನಂಬಿಕೆ. ಎಣ್ಣೆ ಗಾಣ ಅವರ ಕಸುಬಾಗಿತ್ತು. ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಸುತ್ತಲಿನವರು ಅವರನ್ನು ಶನಿವಾರ ತೇಲಿ ಅಂತ ಕರೆಯುತ್ತಿದ್ದರು, ಅಂದರೆ ಶನಿವಾರದ ಗಾಣಿಗರು. ಮನೆ ಮಾತು ಮರಾಠಿ. ಊರಿನ ಹೆಸರಿಗೆ 'ಕರ್' ಸೇರಿಸಿದರೆ ಅವರ ಅಡ್ಡಹೆಸರು ಆಯ್ತು. ಆ ಲೆಕ್ಕದಲ್ಲಿ ನಾನು ಸಂತೆಮರಹಳ್ಳಿಕರ್. ಗೆಳೆಯನ ಅಪ್ಪ ಅಮ್ಮ ಠಾಣೆಯಿಂದ ಬಂದು ಇಲ್ಲೇ ನೆಲೆಸಿದವರು. ಅವನ ಅಣ್ಣ ಇಸ್ರೇಲಿನ ಅಶ್ದೋದ್‌ನಲ್ಲಿದ್ದಾನೆ. ಈ ಅಣ್ಣನನ್ನು ನೆನಪಿಟ್ಟುಕೊಳ್ಳಿ, ನನ್ನ ಪತ್ರಿಕೆಗೆ ಕೆಂಪು ಪೆನ್ನು ಹಾಕಿದವನು ಅವನೇ.

ಮೊದಲು ನಾನು ಬರೆದದ್ದು ಹೀಗಿತ್ತು: "ದೇವರ ಕೃಪೆಯಿಂದ ನಮ್ಮ ಚಿರಂಜೀವಿ ... ನ ನಾಮಕರಣ ಮಹೋತ್ಸವವನ್ನು ಮಂಗಳವಾರ ಏರ್ಪಡಿಸಲಾಗಿದ್ದು, ತಾವು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ ಮಗುವನ್ನು ಆಶೀರ್ವದಿಸಬೇಕಾಗಿ ಕೋರುವ, ತಮ್ಮ ಸುಖಾಗಮನಾಭಿಲಾಷಿಗಳು." ಚುಕ್ಕಿ ಇಟ್ಟ ಜಾಗದಲ್ಲಿ ಹೆಸರು ಹಾಕಿಕೊಳ್ಳಲಿ ಅಂತ ಖಾಲಿ ಬಿಟ್ಟಿದ್ದೆ. ಗೆಳೆಯ ಅದನ್ನು ಓದಿಸಿಕೊಂಡು ಇಂಗ್ಲಿಷಿಗೆ ತಿರುಗಿಸಿ ಅಣ್ಣನಿಗೆ ಕಳಿಸಿದ. ವಾಪಸ್ ಬಂದಾಗ ಉಳಿದಿದ್ದು 'ದೇವರ ಕೃಪೆಯಿಂದ' ಮತ್ತು 'ಮಂಗಳವಾರ', ಎರಡೇ.

ಮೊದಲ ತಕರಾರು ಹೆಸರಿನದು. ಗಂಡು ಮಗುವಿನ ಹೆಸರನ್ನು ಎಂಟನೇ ದಿನದ ಶಾಸ್ತ್ರದಲ್ಲಿ ಕೂಗುವವರೆಗೂ ಹೊರಗೆ ಹೇಳುವ ವಾಡಿಕೆ ಇಲ್ಲ. ತಂದೆ ತಾಯಿ ಆರಿಸಿಟ್ಟಿರಬಹುದು, ಆದರೆ ಬಾಯಿ ಬಿಡಲ್ಲ. ಇದು ನನಗೆ ಅರ್ಥವಾಯ್ತು. ನಮ್ಮಲ್ಲೂ ತೊಟ್ಟಿಲ ಹತ್ತಿರ ಸೋದರತ್ತೆ ಕಿವಿಯಲ್ಲಿ ಹೇಳೋ ತನಕ ಕೂಸಿಗೆ ಕೂಸು ಅಂತಲೇ ಹೆಸರು.

ಎರಡನೆಯದು 'ನಾಮಕರಣ' ಅನ್ನೋ ಪದ. ಹೆಸರಿಡೋದು ಆ ದಿನ ಇದ್ದರೂ ಮುಖ್ಯ ಕಾರ್ಯ ಅದಲ್ಲ, ಸುನ್ನತಿ. ಹೀಬ್ರೂವಿನಲ್ಲಿ ಬ್ರಿತ್ ಮಿಲಾ. ಕನ್ನಡದಲ್ಲಿ ಏನನ್ನೋದು? ಅಮ್ಮನಿಗೆ ಫೋನ್ ಮಾಡಿದೆ. "ಮುಂಜಿ ಅನ್ನು" ಅಂದರು. ಮುಸ್ಲಿಮರ ಮನೆಯ ಶಾಸ್ತ್ರಕ್ಕೆ ನಮ್ಮ ಕಡೆ ಮುಂಜಿ ಅಂತಲೇ ಹೇಳೋದು. ಬ್ರಾಹ್ಮಣರ ಉಪನಯನಕ್ಕೂ ಮುಂಜಿ ಅಂತಲೇ ಹೇಳೋದು. ಕೆಳಗಿನ ಮನೆ ಅಜ್ಜಿ ಬ್ರಾಹ್ಮಣರು. ಎಂಟು ದಿನದ ಕೂಸಿಗೆ ಜನಿವಾರ ಹಾಕ್ತಾರಾ ಅಂತ ಅವರು ಗಾಬರಿ ಆಗಬಾರದಲ್ಲ. ಕೊನೆಗೆ ಕನ್ನಡ ಬೈಬಲ್ ತೆಗೆದು ನೋಡಿದೆ. ಆದಿಕಾಂಡದ ಹದಿನೇಳನೇ ಅಧ್ಯಾಯದಲ್ಲಿ ಅಬ್ರಹಾಮನ ಕತೆ ಬರುವ ಕಡೆ ಎರಡು ಪದ ಸಿಕ್ಕವು: ಸುನ್ನತಿ, ಒಡಂಬಡಿಕೆ. ಬ್ರಿತ್ ಅಂದರೆ ಒಡಂಬಡಿಕೆ, ಮಿಲಾ ಅಂದರೆ ಸುನ್ನತಿ. ಆದರೆ ಪತ್ರಿಕೆಯಲ್ಲಿ 'ಒಡಂಬಡಿಕೆ' ಅಂತ ಹಾಕಿದರೆ ಬ್ಯಾಂಕಿನ ಕಾಗದದ ಥರ ಕಾಣುತ್ತೆ. ಬ್ರಿತ್ ಮಿಲಾ ಅಂತಲೇ ಬರೆದು, ಅದೇನು ಅಂತ ಮುಂದಿನ ಸಾಲಲ್ಲಿ ಹೇಳೋದು ಅಂತ ತೀರ್ಮಾನ ಆಯ್ತು. ನೆರೆಯವರ ಪದವನ್ನು ನಮ್ಮ ಪದದ ಅಂಗಿ ತೊಡಿಸಿ ತರೋದಕ್ಕಿಂತ, ಅದರ ಬಟ್ಟೆಯಲ್ಲೇ ಒಳಗೆ ಕರೆದು ಪರಿಚಯ ಮಾಡಿಸೋದು ವಾಸಿ ಅನ್ನೋದು ನನ್ನ ಅಭಿಪ್ರಾಯ.

ಇನ್ನು ತಾರೀಖು. ನಾನು ಸೋಮವಾರಕ್ಕೆ ಎಂಟು ಕೂಡಿಸಿ ಮುಂದಿನ ವಾರದ ಮಂಗಳವಾರ ಅಂತ ಹಾಕಿದ್ದೆ. ಅಣ್ಣ ಅದಕ್ಕೆ ಕೈ ಹಚ್ಚಿರಲಿಲ್ಲ. ಆದರೆ ಲೆಕ್ಕ ಕೇಳಿದರೆ ನಂದು ತಪ್ಪು. ಅವರಲ್ಲಿ ಹುಟ್ಟಿದ ದಿನವೂ ಒಂದನೇ ದಿನ. ಹಾಗೆ ಎಣಿಸಿದರೆ ಸೋಮವಾರ ಹಗಲು ಹುಟ್ಟಿದ ಮಗುವಿಗೆ ಮುಂದಿನ ಸೋಮವಾರವೇ ಎಂಟನೇ ದಿನ. ಆದರೆ ಅವರ ದಿನ ಶುರುವಾಗೋದು ಸೂರ್ಯ ಮುಳುಗಿದ ಮೇಲೆ. ಈ ಮಗು ಹುಟ್ಟಿದಾಗ ಬೆಂಗಳೂರಲ್ಲಿ ಪೂರ್ತಿ ಕತ್ತಲಾಗಿತ್ತು, ಹಾಗಾಗಿ ಅದು ಮಂಗಳವಾರದ ಮಗು. ನಾನು ಒಂದು ದಿನ ಜಾಸ್ತಿ ಕೂಡಿಸಿದ್ದೆ, ಒಂದು ದಿನ ಹಿಂದಿನಿಂದ ಶುರು ಮಾಡಿದ್ದೆ, ಎರಡು ತಪ್ಪು ಸೇರಿ ಉತ್ತರ ಸರಿ ಬಂದಿತ್ತು. ಕೋಡ್ ಬರೆಯುವವರಿಗೆ ಈ ಥರದ ಸರಿ ಉತ್ತರ ಕಂಡರೆ ತಪ್ಪು ಉತ್ತರಕ್ಕಿಂತ ಹೆಚ್ಚು ಭಯ. ಸೂರ್ಯ ಮುಳುಗಿ ಇನ್ನೂ ಕತ್ತಲಾಗದ ಸಂಜೆಗೆಂಪಿನ ಹೊತ್ತಲ್ಲಿ ಹುಟ್ಟಿದರೆ ಯಾವ ದಿನದ್ದು ಅನ್ನೋ ಅನುಮಾನ ಬಂದು, ಒಂದು ದಿನ ಮುಂದಕ್ಕೇ ಹಾಕ್ತಾರಂತೆ. ನಮ್ಮ ಅಜ್ಜಿಗೆ ದಿನ ಶುರುವಾಗುತ್ತಿದ್ದುದು ಸೂರ್ಯೋದಯಕ್ಕೆ. ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ನನ್ನನ್ನು ಅವರು ಕೊನೆಯವರೆಗೂ ಹಿಂದಿನ ದಿನದವನು ಅಂತಲೇ ಹೇಳುತ್ತಿದ್ದರು, ನನ್ನ ಆಧಾರ್ ಕಾರ್ಡು ಬೇರೆ ಹೇಳುತ್ತೆ. ಒಂದರ ವ್ಯತ್ಯಾಸಕ್ಕೆ ಎಷ್ಟು ಬೆಲೆ ಅಂತ ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂತೆಮರಹಳ್ಳಿ ವಿಧಾನಸಭಾ ಕ್ಷೇತ್ರವಾಗಿದ್ದ ಕಾಲದಲ್ಲಿ, 2004ರ ಚುನಾವಣೆಯಲ್ಲಿ, ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ. 40,752 ಮತ್ತು 40,751.

ಆದರೆ ಇವೆಲ್ಲಾ ಚಿಲ್ಲರೆ. ದೊಡ್ಡ ತಕರಾರು ಬಂದದ್ದು 'ಆಗಮಿಸಿ' ಅನ್ನೋ ಪದಕ್ಕೆ.

"ಬ್ರಿತ್‌ಗೆ ಯಾರನ್ನೂ ಬನ್ನಿ ಅಂತ ಕರೆಯಬಾರದು" ಅಂದ ಗೆಳೆಯ. ಮತ್ತೆ ಪತ್ರಿಕೆ ಯಾಕೆ? "ತಿಳಿಸೋಕೆ." ಇಂಥ ದಿನ, ಇಂಥ ಹೊತ್ತಿಗೆ, ಇಂಥ ಕಡೆ ನಡೆಯುತ್ತೆ ಅಂತ ಹೇಳಬೇಕು, ಅಷ್ಟೇ. ಇದರ ಹಿಂದಿನ ಕಾರಣ ಕೇಳಿ. ತಾಲ್ಮುಡ್‌ನಲ್ಲಿ ದೇವಲೋಕದ ಬಹಿಷ್ಕಾರಕ್ಕೆ ಗುರಿಯಾದವರ ಒಂದು ಪಟ್ಟಿ ಇದೆ. ಧರ್ಮಕಾರ್ಯದ ಪಂಕ್ತಿಗೆ ಕೂರದೆ ಹೋದವನೂ ಆ ಪಟ್ಟಿಗೆ ಸೇರುತ್ತಾನೆ ಅನ್ನೋದು ಕೆಲವರ ಮಾತು. 16ನೇ ಶತಮಾನದಲ್ಲಿ ಪೋಲೆಂಡಿನ ಕ್ರಾಕೊವ್‌ನಲ್ಲಿದ್ದ ಮೋಶೆ ಇಸ್ಸೆರ್ಲೆಸ್ ಅನ್ನೋ ಪಂಡಿತರು ಇದನ್ನೇ ಸುನ್ನತಿಯ ಊಟಕ್ಕೂ ಹೇಳಿದರು. ಆಮೇಲೆ ಜನ ಯೋಚನೆ ಮಾಡಿದರು. ನಾವು ಒಬ್ಬರನ್ನು ಕರೆದು, ಅವರಿಗೆ ಜ್ವರವೋ, ದೂರವೋ, ರಜೆ ಇಲ್ಲವೋ ಆಗಿ ಬರೋಕಾಗದಿದ್ದರೆ? ನಮ್ಮ ಸಂತೋಷದ ಕಾಗದವೇ ಅವರ ತಲೆಗೆ ದೋಷ ತಂದಂತಾಯ್ತಲ್ಲ. ಅದಕ್ಕೇ ಕರೆಯೋದು ಬಿಟ್ಟು ಹೇಳೋದು ರೂಢಿಯಾಯ್ತು. ಬರುವವರು ಬರ್ತಾರೆ, ಬಾರದವರ ಮೇಲೆ ಭಾರ ಇಲ್ಲ.

ಎಲ್ಲ ಯಹೂದಿಗಳಲ್ಲೂ ಇದು ಇಷ್ಟೇ ಬಿಗಿ ಅಂತೇನಿಲ್ಲ. ಯುರೋಪ್ ಮೂಲದವರಲ್ಲಿ ಜಾಸ್ತಿ. ಗೆಳೆಯನ ಅಮ್ಮ, "ನಮ್ಮತ್ತೆ ಕಾಲದಲ್ಲಿ ಮನೆ ಮನೆಗೆ ಹೋಗಿ ಕರೀತಿದ್ವಿ, ಯಾರಿಗೂ ಏನೂ ಆಗಿಲ್ಲ" ಅಂತ ಹಿಂದಿಯಲ್ಲಿ ಗೊಣಗಿದರು. ಆದರೆ ಅಶ್ದೋದ್ ಅಣ್ಣ ಬಿಡಲಿಲ್ಲ. ಯಾಕೆ ಅಷ್ಟು ಹಟ ಅಂದಾಗ ಗೆಳೆಯ ಒಂದು ವಿಷಯ ಹೇಳಿದ. ಇವರ ಜನ ಇಸ್ರೇಲಿಗೆ ಹೋದ ಮೇಲೆ, 1960ರ ದಶಕದ ಆರಂಭದಲ್ಲಿ, ಅಲ್ಲಿನ ಧರ್ಮಪೀಠ ಇವರು ಪೂರ್ತಿ ಯಹೂದಿಗಳು ಹೌದೋ ಅಲ್ಲವೋ ಅಂತ ಮದುವೆ ಸಂಬಂಧಗಳ ಹೊತ್ತಲ್ಲಿ ಅನುಮಾನ ಎತ್ತಿತ್ತು. ಜೆರುಸಲೇಮಿನಲ್ಲಿ ಧರಣಿ ಕೂತು ಪ್ರತಿಭಟಿಸಿದ ಮೇಲೆ 1964ರಲ್ಲಿ ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ ಸರ್ಕಾರ ಹೇಳಿತು. ಎಂಟನೇ ದಿನದ ಸುನ್ನತಿಯನ್ನು ಗಾಣದ ಮನೆಗಳಲ್ಲಿ ಶತಮಾನಗಳ ಕಾಲ ಬಿಡದೆ ಮಾಡಿಕೊಂಡು ಬಂದವರಿಗೆ ಇದು ಎಷ್ಟು ನೋವಾಗಿರಬೇಕು. "ಅಣ್ಣ ಅಲ್ಲಿ ಬದುಕುವವನು. ಅಲ್ಲಿನ ಒಂದು ನಿಯಮವೂ ತಪ್ಪಬಾರದು ಅವನಿಗೆ" ಅಂದ.

ಸರಿ, ಹೊಸದಾಗಿ ಬರೆದೆ. "ದೇವರ ದಯೆಯಿಂದ ನಮಗೆ ಗಂಡು ಮಗು ಹುಟ್ಟಿದೆ. ತಾಯಿ, ಮಗು ಕ್ಷೇಮ. ದೇವರ ಚಿತ್ತವಿದ್ದು, ಮಗುವಿನ ಆರೋಗ್ಯ ಕೂಡಿಬಂದರೆ, ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮನೆಯಲ್ಲಿ ಬ್ರಿತ್ ಮಿಲಾ ನಡೆಯುತ್ತದೆ. ಗಂಡು ಮಗುವಿಗೆ ಎಂಟನೇ ದಿನ ಸುನ್ನತಿ ಮಾಡಿ ಹೆಸರಿಡುವ ಶಾಸ್ತ್ರ ಇದು. ಆಮೇಲೆ ಎಲ್ಲರಿಗೂ ತಿಂಡಿ ಇರುತ್ತದೆ. ತಮಗೂ ತಿಳಿದಿರಲಿ." ಓದಿ ನೋಡಿದರೆ ವಾರ್ತಾ ಇಲಾಖೆಯ ಪ್ರಕಟಣೆ ಥರ ಇದೆ. ಆದರೂ ಅಣ್ಣ ಒಪ್ಪಿದ.

ಒಪ್ಪದವರು ಕೆಳಗಿನ ಮನೆ ಅಜ್ಜಿ. ಬಸುರಿಗೆ ತಿಂಗಳುಗಟ್ಟಲೆ ಸಾರು, ಹುಳಿ ಮಾಡಿ ಮೇಲೆ ಕಳಿಸಿದವರು ಅವರು. ಕಾಗದವನ್ನು ಎರಡು ಸಲ ಓದಿ, ಹಿಂದೆ ಮುಂದೆ ತಿರುಗಿಸಿ, "ಏನಪ್ಪಾ ಇದು, ನಡೆಯುತ್ತೆ ಅಂತೀರಿ, ತಿಂಡಿ ಇರುತ್ತೆ ಅಂತೀರಿ, ಬನ್ನಿ ಅಂತ ಒಂದು ಮಾತಿಲ್ಲವಲ್ಲ. ನಾನು ಬರೋದು ಬೇಡವೇ?" ಅಂದುಬಿಟ್ಟರು. ಗೆಳೆಯನ ಮುಖ ಸಪ್ಪಗಾಯ್ತು. ತಪ್ಪು ನನ್ನದು. ಅವರ ನಿಯಮ ಅತಿಥಿಗೆ ಭಾರ ಆಗಬಾರದು ಅಂತ ಹುಟ್ಟಿದ್ದು. ಕನ್ನಡಕ್ಕೆ ಬಂದಾಗ ಅದೇ ಅತಿಥಿಗೆ ಅವಮಾನ ಆಗಿ ಕೂತಿತು. ನಮ್ಮಲ್ಲಿ ಪತ್ರಿಕೆ ಕೊಟ್ಟರೂ ಸಾಲದು, ಕುಂಕುಮ ಇಟ್ಟು "ಖಂಡಿತಾ ಬರಬೇಕು" ಅನ್ನಬೇಕು, ಅದನ್ನೂ ಹೊಸಿಲ ಒಳಗೆ ನಿಂತು ಅನ್ನಬೇಕು.

ಮತ್ತೆ ಅಶ್ದೋದ್‌ಗೆ ಫೋನು. ಅಣ್ಣ ನಕ್ಕನಂತೆ. ಆ ಊಟದ ಹೊಣೆ ಇರೋದು ಯಹೂದಿಗಳಿಗೆ ಮಾತ್ರ, ಬೇರೆಯವರನ್ನು ಎಷ್ಟು ಬೇಕಾದರೂ ಕರೀರಿ ಅಂದ. ಇದನ್ನು ಮೊದಲೇ ಹೇಳಬಾರದಾ! ಗೆಳೆಯನ ಅಮ್ಮನೇ ಹೂವು, ಬಾಳೆಹಣ್ಣು ಹಿಡಿದು ಕೆಳಗೆ ಹೋಗಿ, ತಮ್ಮ ಅರೆಬರೆ ಕನ್ನಡದಲ್ಲಿ "ಬರ್ಬೇಕು, ಬರ್ಲೇಬೇಕು" ಅಂತ ಎರಡು ಸಲ ಅಂದು ಬಂದರು. ಎದುರು ಮನೆಗೂ ಹಾಗೇ. ಬೆಂಗಳೂರಿನ ತಮ್ಮವರಿಗೆ ಮಾತ್ರ ಬರೀ ಸುದ್ದಿ ಹೋಯಿತು. ಅದರಲ್ಲೂ ಒಂದು ಕಷ್ಟ ಇತ್ತು. ಈ ಕಾರ್ಯಕ್ಕೆ ಹತ್ತು ಜನ ವಯಸ್ಕ ಗಂಡಸರು ಸೇರಿದರೆ ಶ್ರೇಷ್ಠ. ಠಾಣೆಯಲ್ಲಾದರೆ 1879ರ ಹಳೇ ಸಿನಗಾಗ್ ಇದೆ, ಜನ ಇದ್ದಾರೆ. ಇಲ್ಲಿ ಹತ್ತು ಜನರನ್ನು ಹುಡುಕೋದೇ ಕಷ್ಟ, ಮೇಲೆ ಬನ್ನಿ ಅನ್ನೋ ಹಾಗೂ ಇಲ್ಲ.

ಭಾನುವಾರ ಮಧ್ಯಾಹ್ನ ಮಗುವಿನ ಕಣ್ಣು ಅರಿಶಿನವಾಗಿ ಕಂಡಿತು. ಡಾಕ್ಟರು ಕಾಮಾಲೆ ಅಂದರು. ಹೊಸ ಕೂಸುಗಳಿಗೆ ಇದು ಸಾಮಾನ್ಯ, ಆದರೆ ಇದರದ್ದು ಸ್ವಲ್ಪ ಜಾಸ್ತಿ ಇತ್ತು. ಮತ್ತೆ ಆಸ್ಪತ್ರೆಗೆ ಸೇರಿಸಿ, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಅವತ್ತು ಸಂಜೆ ನಾನು ಹೋದಾಗ ಗೆಳೆಯ ಕಾರಿಡಾರಿನಲ್ಲಿ ನಿಂತು ಗಾಜಿನ ಒಳಗೆ ನೋಡ್ತಾ ಇದ್ದ. ನನಗೆ ಏನು ಹೇಳಬೇಕು ಅಂತ ಗೊತ್ತಾಗದೆ, "ಪತ್ರಿಕೆ ಕೊಟ್ಟಾಗಿದೆಯಲ್ಲ, ಏನು ಮಾಡೋದು?" ಅಂತ ಪೆದ್ದನ ಥರ ಕೇಳಿದೆ. "ಬರೆದಿದ್ದೀವಲ್ಲ, ಆರೋಗ್ಯ ಕೂಡಿಬಂದರೆ ಅಂತ" ಅಂದ. ಅಲ್ಲಿವರೆಗೂ ಆ ಸಾಲನ್ನು ನಾನು ಪತ್ರಿಕೆಯ ಮೇಲೆ ಹಾಕುವ ದೇವರ ಹೆಸರಿನ ಥರ, ಅಲಂಕಾರಕ್ಕೆ ಅಂತ ತಿಳಿದಿದ್ದೆ. ಎಂಟನೇ ದಿನ ಶನಿವಾರ ಬಂದರೂ, ಯಾವ ಹಬ್ಬ ಬಂದರೂ ಈ ಶಾಸ್ತ್ರ ಮುಂದೆ ಹಾಕಲ್ಲ. ಆದರೆ ಕೂಸಿಗೆ ಹುಷಾರಿಲ್ಲ ಅಂದರೆ ಮಾತ್ರ ಮುಂದೆ ಹಾಕಲೇಬೇಕು, ಹಟ ಮಾಡಿ ಮಾಡುವಂತಿಲ್ಲ. ನಮ್ಮ ಕಡೆ ಮುಹೂರ್ತ ತಪ್ಪಬಾರದು ಅಂತ ಜ್ವರದ ಕೂಸನ್ನು ಹೊಗೆ ತುಂಬಿದ ಪೆಂಡಾಲಿನಲ್ಲಿ ಮೂರು ಗಂಟೆ ಕೂರಿಸಿದ್ದನ್ನು ಕಂಡಿದ್ದೇನೆ. ಪತ್ರಿಕೆ ಹಂಚಾಗಿದೆ ಅನ್ನೋದೇ ಅದಕ್ಕೆ ಕಾರಣ.

ರಾತ್ರಿಯೇ ಇನ್ನೊಂದು ಸಾಲು ಬರೆದು ಎಲ್ಲರಿಗೂ ವಾಟ್ಸಾಪ್ ಮಾಡಿದೆವು: "ಮಗುವಿಗೆ ಸ್ವಲ್ಪ ಕಾಮಾಲೆ ಇರುವುದರಿಂದ ಮಂಗಳವಾರದ ಕಾರ್ಯ ಮುಂದಕ್ಕೆ ಹೋಗಿದೆ. ದಿನ ಗೊತ್ತಾದಾಗ ತಿಳಿಸುತ್ತೇವೆ." ಯಾರೂ ಏನೂ ಕೇಳಲಿಲ್ಲ. ಅಜ್ಜಿ ಮಾತ್ರ ಮೇಲೆ ಬಂದು, ಗೆಳೆಯನ ಅಮ್ಮನ ಪಕ್ಕ ಸುಮ್ಮನೆ ಕೂತಿದ್ದು ಹೋದರು.

ಕೊನೆಗೆ ಕಾರ್ಯ ನಡೆದದ್ದು ಅದರ ಮುಂದಿನ ವಾರದ ಬುಧವಾರ. ಮೋಹೆಲ್, ಅಂದರೆ ಸುನ್ನತಿ ಮಾಡುವವರು, ಮುಂಬೈಯಿಂದ ಬಂದಿದ್ದರು. ಒಂದು ಕುರ್ಚಿಯನ್ನು ಬಟ್ಟೆ ಹೊದಿಸಿ ಖಾಲಿ ಬಿಟ್ಟಿದ್ದರು. ಅದು ಪ್ರವಾದಿ ಎಲಿಯಾಹುವಿನದು. ಎಲ್ಲ ಬ್ರಿತ್‌ಗೂ ಆತ ಬರುತ್ತಾನೆ ಅನ್ನೋದು ಅವರ ನಂಬಿಕೆ. ಶಾಸ್ತ್ರ ನಡೆಯುವಾಗ ನಾನು ಗೋಡೆ ಕಡೆ ತಿರುಗಿದ್ದೆ, ಸುಳ್ಳು ಹೇಳಲ್ಲ. ಕೂಸು ಒಂದೇ ಸಲ ಜೋರಾಗಿ ಅತ್ತಿತು. ಆಮೇಲೆ ಹೆಸರು ಕೂಗಿದರು. ಆಗ ಬಾಣಂತಿ ಅತ್ತಳು. ತಿಂಡಿಗೆ ಮಲಿದಾ ಇತ್ತು. ಬೆನೆ ಇಸ್ರೇಲಿಗಳು ಎಲಿಯಾಹುವಿನ ಹೆಸರಲ್ಲಿ ಮಾಡುವ ನೈವೇದ್ಯ ಅದು. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ, ಮೇಲೆ ಹಣ್ಣು. ಅಜ್ಜಿ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಇದು ನಮ್ಮ ಸಿಹಿ ಅವಲಕ್ಕಿಯೇ" ಅಂದರು. ಹತ್ತು ಜನ ಗಂಡಸರೂ ಬಂದಿದ್ದರು, ಹನ್ನೊಂದು ಇದ್ದರು ಅನಿಸುತ್ತೆ. ನನ್ನನ್ನು ಬಿಟ್ಟು ಎಣಿಸಿದ್ದು.

ಹೆಣ್ಣು ಮಗುವಾಗಿದ್ದರೆ? ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಇದು. ಎಂಟನೇ ದಿನದ ಕಟ್ಟು ಇಲ್ಲ, ಸಿನಗಾಗಿನಲ್ಲಿ ಗ್ರಂಥ ಓದುವಾಗ ತಂದೆ ಹೆಸರು ಹೇಳಿಸುವುದು ಹಳೆಯ ವಾಡಿಕೆ, ಈಗೀಗ ಬೇರೆಯಾಗಿ ಸಂಭ್ರಮ ಮಾಡುವವರೂ ಇದ್ದಾರೆ. "ಪತ್ರಿಕೆ ಬರೆಯೋದು ಸುಲಭ, ಅಂದ್ರೆ" ಅಂದಳು ಅವಳು. ಯಾವ ಅರ್ಥದಲ್ಲಿ ಅಂದಳು ಅಂತ ಕೇಳಲಿಲ್ಲ.

ಇದಾಗಿ ಎರಡು ತಿಂಗಳಿಗೆ ನನ್ನ ತಂಗಿಗೆ ಹೆರಿಗೆ ಆಯ್ತು. ಮೊದಲ ಹೆರಿಗೆ, ತವರಿನಲ್ಲೇ. ಸಂತೆಮರಹಳ್ಳಿಯ ನಮ್ಮ ಮನೆಯಲ್ಲಿ ಭಾನುವಾರ ತೊಟ್ಟಿಲು ಶಾಸ್ತ್ರ ಅಂತ ಗೊತ್ತಾಯ್ತು. ನೆಂಟರ ಪಟ್ಟಿ ಮಾಡುವಾಗ ದೊಡ್ಡಪ್ಪನ ಹೆಸರಿನ ಹತ್ತಿರ ಬಂದು ಎಲ್ಲರೂ ನಿಂತರು. ಅಪ್ಪನಿಗೂ ದೊಡ್ಡಪ್ಪನಿಗೂ ಜಮೀನಿನ ಬದುವಿನ ವಿಷಯಕ್ಕೆ ಆರು ವರ್ಷದಿಂದ ಮಾತಿಲ್ಲ. ತಂಗಿಯ ಮದುವೆಗೆ ಅಪ್ಪ ಪತ್ರಿಕೆ ಕೊಟ್ಟು ಕರೆದಿದ್ದರು. ದೊಡ್ಡಪ್ಪ ಬರಲಿಲ್ಲ. ಕರೆದರೂ ಬರಲಿಲ್ಲ ಅನ್ನೋದು ಬದುವಿಗಿಂತ ದೊಡ್ಡ ಜಗಳ ಆಯ್ತು. "ಕರುದ್ರ ಬರಲ್ಲ ಅಂತಾರ, ಕರೀದೆ ಇದ್ರ ಕರೀಲಿಲ್ಲ ಅಂತಾರ. ಏನ್ ಮಾಡನ ಹೇಳು" ಅಂದರು ಅಮ್ಮ. ಅಪ್ಪ ಎದ್ದು ಹಟ್ಟಿ ಕಡೆ ಹೋದರು.

ನಾನು ಹೋಗ್ತೀನಿ ಅಂದೆ. ಪತ್ರಿಕೆ ತಗೊಂಡು ಹೋಗಲಿಲ್ಲ, ಕುಂಕುಮದ ಬಟ್ಟಲೂ ಇಲ್ಲ. ದೊಡ್ಡಪ್ಪ ಜಗುಲಿ ಮೇಲೆ ಕೂತಿದ್ದರು. ಒಂದಷ್ಟು ಹೊತ್ತು ಅದೂ ಇದೂ ಮಾತಾಡಿ, "ತಂಗಿಗೆ ಗಂಡು ಕೂಸಾಗದೆ. ಭಾನುವಾರ ತೊಟ್ಟಿಲಿಗೆ ಹಾಕ್ತಾರೆ, ಹತ್ತು ಗಂಟೆಗೆ. ಹೇಳೋಣ ಅಂತ ಬಂದೆ" ಅಂದೆ.

ದೊಡ್ಡಪ್ಪ ನನ್ನನ್ನೇ ನೋಡಿದರು. "ಕರಿಯಾಕ್ ಬಂದಿದ್ದಯ, ಹೇಳಾಕ್ ಬಂದಿದ್ದಯ?"

"ಹೇಳೋಕೆ, ದೊಡ್ಡಪ್ಪ."

"ಸರಿ, ಕೇಳುಸ್ಕಂಡಿ" ಅಂದರು. ದೊಡ್ಡಮ್ಮ ಒಳಗಿನಿಂದ ಕಾಫಿ ತಂದು ಕೊಟ್ಟರು. ಕುಡಿದು ಬಂದೆ. ಸಿಟ್ಟಾದರೋ ಇಲ್ಲವೋ ದಾರಿ ಉದ್ದಕ್ಕೂ ಗೊತ್ತಾಗಲಿಲ್ಲ. ಮಾಡಿದ್ದು ಮತ್ತೊಂದು ತಪ್ಪೇ ಇರಬಹುದು ಅನ್ನಿಸಿತು. ಬೆಂಗಳೂರಿನ ಅಜ್ಜಿಗೆ ಆದದ್ದು ಕಣ್ಣ ಮುಂದೆಯೇ ಇತ್ತಲ್ಲ.

ಭಾನುವಾರ ಹತ್ತು ಗಂಟೆಗೆ ಬರಲಿಲ್ಲ. ಹೆಸರಿಟ್ಟಾಯ್ತು, ಮೂರು ಪಂಕ್ತಿ ಊಟ ಆಯ್ತು. ಯಳಂದೂರಿನ ನೆಂಟರು ಬಸ್ಸು ಹಿಡಿದರು. ಸಂಜೆ ಐದರ ಹೊತ್ತಿಗೆ ಶಾಮಿಯಾನದ ಹುಡುಗರು ಕುರ್ಚಿಗಳನ್ನು ಒಂದರ ಮೇಲೊಂದು ಇಟ್ಟು ಟೆಂಪೋಗೆ ತುಂಬುತ್ತಿದ್ದಾಗ ದೊಡ್ಡಪ್ಪ, ದೊಡ್ಡಮ್ಮ ನಡೆದುಕೊಂಡು ಬಂದರು. ದೊಡ್ಡಮ್ಮ ನೆಟ್ಟಗೆ ಒಳಗೆ ಹೋದರು, ಸೆರಗಿನಲ್ಲಿ ಕೂಸಿಗೆ ಬೆಳ್ಳಿ ಉಡಿದಾರ ಇತ್ತು. ದೊಡ್ಡಪ್ಪ ಅಂಗಳದಲ್ಲೇ ನಿಂತರು. ಅಪ್ಪ ಟೆಂಪೋ ಹುಡುಗನ ಕೈಯಿಂದ ಎರಡು ಕುರ್ಚಿ ತೆಗೆದುಕೊಂಡು, ಒಂದನ್ನು ಹಾಕಿ, ಇನ್ನೊಂದರಲ್ಲಿ ತಾವು ಕೂತರು. ಬದುವಿನ ಮಾತು ಇಬ್ಬರೂ ಎತ್ತಲಿಲ್ಲ. ಈ ಸಲ ಅರಿಶಿನಕ್ಕೆ ರೇಟು ಎಷ್ಟಿದೆ ಅಂತ ದೊಡ್ಡಪ್ಪ ಕೇಳಿದರು, ಅಪ್ಪ ಹೇಳಿದರು. ಟೆಂಪೋ ಹುಡುಗ ಎರಡು ಕುರ್ಚಿಗಾಗಿ ಕತ್ತಲಾಗೋವರೆಗೆ ಕಾದ.